ಗಡಿಯಾರಕ್ಕೆ ಮಣಿಯದ ಲಯ

ಕನ್ನಡದಲ್ಲಿ ‘ನಿರ್ಮಾಪಕ’ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಸಿನಿಮಾಕ್ಕೆ ದುಡ್ಡು ಹೂಡುವವರು. ಹಿಪ್‌ಹಾಪ್ ಲೋಕದ ಪ್ರೊಡ್ಯೂಸರ್ ಅವರಲ್ಲ. ಅಲ್ಲಿ ಪ್ರೊಡ್ಯೂಸರ್ ಎಂದರೆ ರ‍್ಯಾಪರ್‌ನ ಮಾತಿನ ಕೆಳಗೆ ಹರಿಯುವ ಸಂಗೀತವನ್ನು ಕಟ್ಟುವವನು. ಡ್ರಮ್ಮಿನ ಪೆಟ್ಟು ಎಲ್ಲಿ ಬೀಳಬೇಕು, ಬೇಸ್ ಎಷ್ಟು ಆಳದಲ್ಲಿ ಗುಡುಗಬೇಕು, ಯಾವ ಹಳೆಯ ಗ್ರಾಮಫೋನ್ ತಟ್ಟೆಯಿಂದ ಯಾವ ನಾಲ್ಕು ಸ್ವರಗಳನ್ನು ಎತ್ತಿಕೊಳ್ಳಬೇಕು ಎಂದು ತೀರ್ಮಾನಿಸುವವನು ಅವನೇ. ಕಟ್ಟಿದ್ದಕ್ಕೆ ‘ಬೀಟ್’ ಎಂದು ಹೆಸರು. ರ‍್ಯಾಪರ್‌ನ ಮುಖ ಪೋಸ್ಟರಿನ ಮೇಲೆ ಬರುತ್ತದೆ. ಬೀಟ್ ಕಟ್ಟಿದವನ ಹೆಸರು ಆಲ್ಬಮ್ಮಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಇರುತ್ತದೆ, ಕೆಲವೊಮ್ಮೆ ಅಲ್ಲಿಯೂ ಇರುವುದಿಲ್ಲ.

ಜೇಮ್ಸ್ ಡೆವಿಟ್ ಯಾನ್ಸಿ ಹೀಗೆ ಸಣ್ಣ ಅಕ್ಷರಗಳಲ್ಲಿ ಬದುಕಿದವನು. ಮೊದಲು ‘ಜೇ ಡೀ’ ಎಂದೂ ಆಮೇಲೆ ‘ಜೆ ಡಿಲ್ಲಾ’ ಎಂದೂ ಕರೆದುಕೊಂಡ. 1974ರ ಫೆಬ್ರುವರಿ 7ರಂದು ಡೆಟ್ರಾಯ್ಟ್‌ನಲ್ಲಿ ಹುಟ್ಟಿ, 2006ರ ಫೆಬ್ರುವರಿ 10ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ಮೂವತ್ತೆರಡು ತುಂಬಿ ಮೂರೇ ದಿನವಾಗಿತ್ತು. ಆ ಹೊತ್ತಿಗೆ ಅವನ ಹೆಸರು ಸಂಗೀತಗಾರರ ವಲಯದಲ್ಲಿ ದೊಡ್ಡದು, ಹೊರಗೆ ಅಷ್ಟಾಗಿ ಗೊತ್ತಿರಲಿಲ್ಲ. ಇಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ರಾತ್ರಿ ಓದುತ್ತಾ ಕೂತ ವಿದ್ಯಾರ್ಥಿ ಯೂಟ್ಯೂಬಿನಲ್ಲಿ ‘ಲೋ-ಫೈ’ ಸಂಗೀತ ಹಾಕಿಕೊಂಡರೆ ಕೇಳುವ ಆ ತೂಗಾಡುವ, ತುಸು ನಿದ್ದೆಗಣ್ಣಿನ ಡ್ರಮ್ಮಿನ ನಡಿಗೆಯ ಮೂಲದಲ್ಲಿ ಇವನಿದ್ದಾನೆ. ಆ ಶೈಲಿಯ ಇನ್ನೊಬ್ಬ ಹಿರಿಯನೆಂದು ಎಲ್ಲರೂ ಹೇಳುವ ಜಪಾನಿನ ನುಜಾಬೆಸ್ ಕೂಡ ಹುಟ್ಟಿದ್ದು 1974ರ ಫೆಬ್ರುವರಿ 7ರಂದೇ. ಅವನೂ 2010ರಲ್ಲಿ ಅಪಘಾತದಲ್ಲಿ ತೀರಿಕೊಂಡ. ಒಂದೇ ದಿನ ಭೂಮಿಗೆ ಬಂದ ಈ ಇಬ್ಬರನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಡಿಲ್ಲಾ ಬಗ್ಗೆ ಒಂದು ಮಾತು ತುಂಬಾ ಚಾಲ್ತಿಯಲ್ಲಿದೆ: ಯಂತ್ರದಲ್ಲಿ ತಾಳ ಸರಿಪಡಿಸುವ ಗುಂಡಿಯನ್ನು ಅವನು ಆಫ್ ಮಾಡಿಬಿಟ್ಟ, ಅದಕ್ಕೇ ಅವನ ಡ್ರಮ್ ಸಡಿಲವಾಗಿ ಕೇಳುತ್ತದೆ ಎಂದು. ಇದು ಅರ್ಧ ಸತ್ಯ, ಅದರಲ್ಲೂ ಕಡಿಮೆ ಮುಖ್ಯವಾದ ಅರ್ಧ. ಅವನದು ತಪ್ಪಿದ ತಾಳವಲ್ಲ. ಅಳೆದು, ತೂಗಿ, ಬೇಕೆಂದೇ ಅಲ್ಲಿಟ್ಟ ತಾಳ. ಅದನ್ನು ಕಿವಿಯಿಂದ ಹಿಡಿಯಬೇಕಾದರೆ ಮೊದಲು ಅವನು ಬೆಳೆದ ಮನೆಗೆ ಹೋಗಬೇಕು.

ಡೆಟ್ರಾಯ್ಟ್ ಕಾರುಗಳ ಊರು. ಫೋರ್ಡ್ ಕಂಪನಿಯ ಜೋಡಣಾ ಸಾಲು ಓಡಿದ್ದು ಈ ಪ್ರದೇಶದಲ್ಲೇ, ಮೋಟೌನ್ ಎಂಬ ಹಾಡುಗಳ ಕಾರ್ಖಾನೆ ಹುಟ್ಟಿದ್ದೂ ಇಲ್ಲೇ. 1980ರ ದಶಕದಲ್ಲಿ ಕಪ್ಪು ಯುವಕರು ಸಿಂಥಸೈಜರ್ ಮತ್ತು ಡ್ರಮ್ ಯಂತ್ರಗಳಿಂದ ಟೆಕ್ನೋ ಸಂಗೀತವನ್ನು ಕಂಡುಕೊಂಡದ್ದೂ ಇಲ್ಲೇ. ಯಂತ್ರದ ಜೊತೆ ದುಡಿಯುವುದು, ಯಂತ್ರದಿಂದ ಹಾಡಿಸುವುದು ಈ ಊರಿನ ರಕ್ತದಲ್ಲಿತ್ತು. ಯಾನ್ಸಿ ಕುಟುಂಬ ಇದ್ದದ್ದು ಊರಿನ ಪೂರ್ವ ಭಾಗದ ಕೋನಂಟ್ ಗಾರ್ಡನ್ಸ್‌ನಲ್ಲಿ. ಕಪ್ಪು ಜನರು ಕಷ್ಟಪಟ್ಟು ಸ್ವಂತ ಮನೆ ಮಾಡಿಕೊಂಡು ನೆಲೆಯೂರಿದ ಬಡಾವಣೆ ಅದು. ತಂದೆ ಬೆವರ್ಲಿ ಡೆವಿಟ್ ಯಾನ್ಸಿ ಜಾಝ್ ಬೇಸ್ ನುಡಿಸುತ್ತಿದ್ದರು. ತಾಯಿ ಮೊರೀನ್ ಆಪೆರಾ ಕಲಿತು ಹಾಡಿದವರು. ಇಂದು ಹಿಪ್‌ಹಾಪ್ ಜಗತ್ತು ಅವರನ್ನು ‘ಮಾ ಡ್ಯೂಕ್ಸ್’ ಎಂದೇ ಕರೆಯುತ್ತದೆ. ವಾದ್ಯವಿಲ್ಲದೆ ಬರೀ ಕಂಠಗಳಿಂದ ಜಾಝ್ ಹಾಡುವ ತಂಡವೊಂದು ಈ ದಂಪತಿಯದಾಗಿತ್ತು. ಅದರ ಅಭ್ಯಾಸ ಮನೆಯಲ್ಲೇ ನಡೆಯುತ್ತಿತ್ತು, ಮಕ್ಕಳು ಕೂತು ಕೇಳಲೇಬೇಕಿತ್ತು. ಮಗ ಇನ್ನೂ ಅಂಬೆಗಾಲು ಬಿಡುವ ವಯಸ್ಸಿನಲ್ಲೇ ತಟ್ಟೆಗಳನ್ನು ಕೂಡಿಹಾಕತೊಡಗಿದ್ದ ಎಂದು ತಾಯಿ ಹೇಳಿಕೊಂಡಿದ್ದಾರೆ.

ಹದಿವಯಸ್ಸಿನಲ್ಲಿ ಅವನ ಕೈಗೆ ಸಿಕ್ಕ ಮೊದಲ ವಾದ್ಯ ಕ್ಯಾಸೆಟ್ ಡೆಕ್. ಹಾಡಿನ ಒಂದು ತುಣುಕನ್ನು ರೆಕಾರ್ಡ್ ಮಾಡಿ, ನಿಲ್ಲಿಸುವ ಗುಂಡಿ ಒತ್ತಿ, ಮೂಲವನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಅದೇ ತುಣುಕನ್ನು ಅದರ ಬೆನ್ನಿಗೇ ರೆಕಾರ್ಡ್ ಮಾಡುವುದು. ಹೀಗೆ ಹತ್ತಾರು ಸಲ ಮಾಡಿದರೆ ಎರಡು ಸೆಕೆಂಡಿನ ತುಣುಕು ಮೂರು ನಿಮಿಷದ ಬೀಟ್ ಆಗುತ್ತದೆ. ದುಡ್ಡಿಲ್ಲದ ಹುಡುಗರ ಸ್ಟುಡಿಯೋ ಇದು. ಇದರಲ್ಲಿ ಒಂದು ಪಾಠವೂ ಇದೆ: ಬೆರಳು ಕೂದಲೆಳೆಯಷ್ಟು ತಡವಾದರೆ ತಾಳ ಎಡವುತ್ತದೆ. ಆ ಕೂದಲೆಳೆಯ ಅಂತರವನ್ನು ಬೆರಳ ತುದಿಯಲ್ಲಿ ಗುರುತಿಸುವುದನ್ನು ಅವನು ಇಲ್ಲಿಯೇ ಕಲಿತಿರಬೇಕು ಎಂದು ನನಗೆ ಅನ್ನಿಸುತ್ತದೆ.

ಪರ್ಶಿಂಗ್ ಹೈಸ್ಕೂಲಿನಲ್ಲಿ ಟಿ-ತ್ರೀ ಮತ್ತು ಬಾಟಿನ್ ಎಂಬ ಗೆಳೆಯರು ಸಿಕ್ಕರು. ಮೂವರೂ ಸೇರಿ ಕಟ್ಟಿದ ರ‍್ಯಾಪ್ ತಂಡವೇ ಮುಂದೆ ‘ಸ್ಲಮ್ ವಿಲೇಜ್’ ಆಯಿತು. ಅದಕ್ಕಿಂತ ದೊಡ್ಡ ತಿರುವು ಬಂದದ್ದು ಆಂಪ್ ಫಿಡ್ಲರ್ ಮನೆಯಲ್ಲಿ. ಫಿಡ್ಲರ್ ಸಾಮಾನ್ಯರಲ್ಲ, ಜಾರ್ಜ್ ಕ್ಲಿಂಟನ್ ಅವರ ಪಾರ್ಲಿಮೆಂಟ್-ಫಂಕಡೆಲಿಕ್ ತಂಡದಲ್ಲಿ ಕೀಬೋರ್ಡ್ ನುಡಿಸಿದವರು. ಬಡಾವಣೆಯ ಹುಡುಗರಿಗೆ ಅವರು ತಮ್ಮ ಮನೆಯ ಬಾಗಿಲನ್ನು ತೆರೆದಿಟ್ಟಿದ್ದರು. ಅಲ್ಲಿ ಯಾನ್ಸಿ ಕಂಡದ್ದು ಅಕಾಯ್ ಕಂಪನಿಯ ಎಂಪಿಸಿ ಎಂಬ ಯಂತ್ರ. ಮೂಲ ಪಾಠಗಳನ್ನು ಹೇಳಿಕೊಟ್ಟ ಫಿಡ್ಲರ್, ಉಳಿದದ್ದನ್ನು ಹುಡುಗನೇ ಕೈಯಾಡಿಸಿ ಕಂಡುಕೊಳ್ಳಲು ಬಿಟ್ಟರು. ಒಳ್ಳೆಯ ಗುರುವಿನ ಲಕ್ಷಣ ಅದು.

ಎಂಪಿಸಿ ಏನೆಂದು ತಿಳಿಯದೆ ಡಿಲ್ಲಾ ಅರ್ಥವಾಗುವುದಿಲ್ಲ. ನೋಡಲು ಹಳೆಯ ಕಾಲದ ದೊಡ್ಡ ಕ್ಯಾಲ್ಕುಲೇಟರಿನಂತಿರುವ ಪೆಟ್ಟಿಗೆ. ಬಲಗಡೆ ನಾಲ್ಕು ಸಾಲಿನಲ್ಲಿ ಹದಿನಾರು ರಬ್ಬರ್ ಗುಂಡಿಗಳು. ತಟ್ಟೆಯಿಂದ ಯಾವ ಸದ್ದನ್ನು ಬೇಕಾದರೂ ಒಳಗೆ ತುಂಬಿ ಒಂದೊಂದು ಗುಂಡಿಗೆ ಕಟ್ಟಬಹುದು. ಒಂದು ಗುಂಡಿಯಲ್ಲಿ ಡ್ರಮ್ಮಿನ ಪೆಟ್ಟು, ಇನ್ನೊಂದರಲ್ಲಿ ಯಾರದೋ ಪಿಯಾನೋದ ಅರ್ಧ ಸೆಕೆಂಡು, ಮತ್ತೊಂದರಲ್ಲಿ ಒಂದು ನಿಟ್ಟುಸಿರು. ಬೆರಳಿನಿಂದ ಬಡಿದರೆ ಸದ್ದು ಬರುತ್ತದೆ, ಬಡಿದ ಕ್ರಮವನ್ನು ಯಂತ್ರ ನೆನಪಿಟ್ಟುಕೊಂಡು ಮತ್ತೆ ಮತ್ತೆ ನುಡಿಸುತ್ತದೆ. ಇದನ್ನು ಅಕಾಯ್‌ಗಾಗಿ ವಿನ್ಯಾಸ ಮಾಡಿದ್ದು ಅಮೆರಿಕದ ಎಂಜಿನಿಯರ್ ರೋಜರ್ ಲಿನ್. ಮೊದಲ ಎಂಪಿಸಿ60 ಬಂದದ್ದು 1988ರಲ್ಲಿ, ಡಿಲ್ಲಾನ ಕೈಯ ಭಾಗವೇ ಆಗಿಹೋದ ಎಂಪಿಸಿ3000 ಬಂದದ್ದು 1994ರಲ್ಲಿ.

ಮನುಷ್ಯನ ಬೆರಳು ಗಡಿಯಾರವಲ್ಲ. ಬಡಿದದ್ದು ತುಸು ಹಿಂದೆ ಮುಂದೆ ಆಗುತ್ತದೆ. ಅದಕ್ಕಾಗಿ ಲಿನ್ ಯಂತ್ರದಲ್ಲಿ ಒಂದು ಸೌಲಭ್ಯ ಇಟ್ಟರು: ನೀವು ಎಲ್ಲಿ ಬಡಿದರೂ ಯಂತ್ರ ಆ ಪೆಟ್ಟನ್ನು ಹತ್ತಿರದ ಗೆರೆಗೆ ಎಳೆದು ಕೂರಿಸುತ್ತದೆ. ಇದಕ್ಕೆ ‘ಕ್ವಾಂಟೈಜ್’ ಎನ್ನುತ್ತಾರೆ. ಚೌಕುಳಿ ಪುಸ್ತಕದಲ್ಲಿ ಮಗು ಅಂಕೆ ಬರೆಯುವಾಗ ಅಕ್ಷರ ಗೆರೆ ದಾಟಿದರೆ ಮೇಷ್ಟರು ಕೈ ಹಿಡಿದು ಮನೆಯೊಳಗೆ ತಂದು ಕೂರಿಸುವಂತೆ. ತೊಂಬತ್ತರ ದಶಕದ ಎಷ್ಟೋ ಹಾಡುಗಳ ಡ್ರಮ್ ಅಷ್ಟು ಬಿಗಿಯಾಗಿ ಕೇಳುವುದಕ್ಕೆ ಇದೇ ಕಾರಣ.

ಈಗ ಸ್ವಲ್ಪ ಲೆಕ್ಕ. ಎಂಪಿಸಿ ಒಂದು ಎಣಿಕೆಯನ್ನು 96 ಸಮ ಭಾಗಗಳಾಗಿ ಒಡೆಯುತ್ತದೆ. ಒಂದೊಂದು ಭಾಗ ಒಂದು ‘ಟಿಕ್’. ನಿಮಿಷಕ್ಕೆ 90 ಎಣಿಕೆಯ ವೇಗದ ಹಾಡಿನಲ್ಲಿ ಒಂದು ಟಿಕ್ ಎಂದರೆ ಸುಮಾರು 7 ಮಿಲಿಸೆಕೆಂಡು. ಒಂದು ಎಣಿಕೆಯಲ್ಲಿ ಎರಡು ಪೆಟ್ಟುಗಳು ಬರಬೇಕೆನ್ನಿ. ಎರಡನ್ನೂ ಸಮನಾಗಿ ಹಂಚಿದರೆ 48 ಟಿಕ್, 48 ಟಿಕ್. ಇದು ನೇರ ನಡಿಗೆ, ರಾಕ್ ಸಂಗೀತದಲ್ಲಿ ಸಾಮಾನ್ಯ. ಮೊದಲನೆಯದನ್ನು ಎಳೆದು ಎರಡನೆಯದನ್ನು ಕುಗ್ಗಿಸಿ 64, 32 ಮಾಡಿದರೆ ಕುಣಿಯುವ ನಡಿಗೆ ಬರುತ್ತದೆ. ಜಾಝ್‌ನವರು ಇದನ್ನೇ ‘ಸ್ವಿಂಗ್’ ಎನ್ನುವುದು. ನಮ್ಮ ಸಂಗೀತ ಬಲ್ಲವರಿಗೆ ಹೇಳುವುದಾದರೆ, ಮೊದಲನೆಯದು ಚತುರಶ್ರ ನಡೆಗೆ ಹತ್ತಿರ; ಎರಡನೆಯದು ತಿಶ್ರ ನಡೆಯಲ್ಲಿ ಎರಡು ಮಾತ್ರೆಯನ್ನು ಹಿಡಿದು ಮೂರನೆಯದನ್ನು ತಟ್ಟಿದಂತೆ. ಲಿನ್ ಅವರ ಯಂತ್ರದಲ್ಲಿ ಸ್ವಿಂಗ್‌ಗೂ ಒಂದು ಅಳತೆ ಇತ್ತು. 50 ಎಂದಿಟ್ಟರೆ ನೇರ, 66ಕ್ಕೆ ಏರಿಸಿದರೆ ಪೂರ್ತಿ ಕುಣಿತ.

ಬೇರೆಯವರು ಹಾಡಿಗೊಂದು ನಡಿಗೆ ಆರಿಸಿಕೊಂಡು ಎಲ್ಲ ವಾದ್ಯಗಳನ್ನೂ ಅದರಲ್ಲೇ ಓಡಿಸುತ್ತಿದ್ದರು. ಡಿಲ್ಲಾ ಒಂದೇ ಹಾಡಿನಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ನಡಿಗೆ ಕೊಟ್ಟ. ಒಂದು ವಾದ್ಯ ನೇರವಾಗಿ ನಡೆಯುತ್ತಿರುವಾಗಲೇ ಅದರ ಪಕ್ಕದ್ದು ಕುಣಿಯುತ್ತಿರುತ್ತದೆ. ನಡುವೆ ಚಪ್ಪಾಳೆಯಂತೆ ಸಿಡಿಯುವ ಸ್ನೇರ್ ಡ್ರಮ್ಮು ಕಿವಿ ಕಾಯುವ ಕ್ಷಣಕ್ಕಿಂತ ಮೂರು ನಾಲ್ಕು ಟಿಕ್ ಮೊದಲೇ ಬಂದುಬಿಡುತ್ತದೆ. ಹೊಟ್ಟೆಯೊಳಗೆ ಗುದ್ದುವ ಕಿಕ್ ಡ್ರಮ್ಮು ಇದ್ದಕ್ಕಿದ್ದಂತೆ ತುಸು ತಡವಾಗುತ್ತದೆ. ಯಂತ್ರದಲ್ಲಿ ಒಂದು ಭಾಗವನ್ನು ಮಾತ್ರ ಟಿಕ್ ಲೆಕ್ಕದಲ್ಲಿ ಸರಿಸುವ ಸೌಲಭ್ಯವಿತ್ತು. ಅದನ್ನು ಅವನಷ್ಟು ಆಳವಾಗಿ ಬಳಸಿದವರು ಇರಲಿಲ್ಲ. ಕೆಲವನ್ನು ಗೆರೆಗೆ ಕೂರಿಸಿದ, ಕೆಲವನ್ನು ಬೇಕೆಂದೇ ಗೆರೆಯಿಂದಾಚೆ ಇಟ್ಟ, ಕೆಲವನ್ನು ಮಾತ್ರ ಬೆರಳು ಬಿದ್ದ ಜಾಗದಲ್ಲೇ ಬಿಟ್ಟ. ಎಲ್ಲವನ್ನೂ ಸಡಿಲ ಬಿಟ್ಟಿದ್ದರೆ ಅದು ಬರೀ ಗೊಂದಲವಾಗುತ್ತಿತ್ತು. ಒಂದು ಗಟ್ಟಿ ಗೂಟ ಇದ್ದಾಗಲೇ ಹಗ್ಗದ ಜೀಕು ಕಾಣುವುದು.

ಪತ್ರಕರ್ತ ಡ್ಯಾನ್ ಚಾರ್ನಾಸ್ 2022ರಲ್ಲಿ ಪ್ರಕಟಿಸಿದ ಡಿಲ್ಲಾನ ಜೀವನಚರಿತ್ರೆಯಲ್ಲಿ ಇದಕ್ಕೆ ಒಂದು ಹೆಸರನ್ನೇ ಕೊಟ್ಟರು. ನೇರ ಕಾಲ ಒಂದು, ಸ್ವಿಂಗ್ ಕಾಲ ಇನ್ನೊಂದು, ಇವೆರಡೂ ಒಟ್ಟಿಗೆ ಉಜ್ಜಿಕೊಂಡು ನಡೆಯುವ ‘ಡಿಲ್ಲಾ ಕಾಲ’ ಮೂರನೆಯದು ಎಂಬುದು ಅವರ ವಾದ. ನನಗೆ ಈ ವಾದ ಒಪ್ಪಿಗೆ. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಒಂದು ಲಯವನ್ನೇ ಗುರುತಿಸುವುದು ಸಣ್ಣ ಮಾತಲ್ಲ, ಆದರೆ ಕಿವಿ ಅದಕ್ಕೆ ಸಾಕ್ಷಿ ಹೇಳುತ್ತದೆ. ಡಿಲ್ಲಾನ ಬೀಟ್‌ಗೆ ಕಾಲು ತಟ್ಟಲು ಹೋಗಿ. ಎರಡು ಸುತ್ತು ಸರಿಯಾಗಿರುತ್ತದೆ, ಮೂರನೆಯದರಲ್ಲಿ ಕಾಲು ಅನುಮಾನಿಸುತ್ತದೆ. ನಿಮ್ಮ ಕಾಲು ಎಲ್ಲಿ ಅನುಮಾನಿಸಿತೋ ಅಲ್ಲಿ ಅವನು ಕೈಯಿಟ್ಟಿದ್ದಾನೆ ಎಂದು ಅರ್ಥ.

ದಿ ರೂಟ್ಸ್ ತಂಡದ ಡ್ರಮ್ಮರ್ ಕ್ವೆಸ್ಟ್‌ಲವ್ ಈ ಅನುಮಾನವನ್ನು ಮೊದಲ ಬಾರಿ ಅನುಭವಿಸಿದ ಕಥೆಯನ್ನು ಹಲವು ಸಲ ಹೇಳಿದ್ದಾರೆ. ಕ್ಯಾಲಿಫೋರ್ನಿಯಾದ ದಿ ಫಾರ್ಸೈಡ್ ಎಂಬ ರ‍್ಯಾಪ್ ತಂಡದ ಕಾರ್ಯಕ್ರಮಕ್ಕೆ ಮುಂಚೆ ರೂಟ್ಸ್ ನುಡಿಸಿ ಹೊರಬಂದಿತ್ತು. ಒಳಗಿನಿಂದ ಫಾರ್ಸೈಡ್‌ನ ಹಾಡಿನ ಕಿಕ್ ಡ್ರಮ್ ಕೇಳಿಸಿತು. ಕುಡಿದು ತೂರಾಡುವ ಪುಟ್ಟ ಮಗು ಬಡಿದಂತಿತ್ತಂತೆ ಅದು. ಕ್ವೆಸ್ಟ್‌ಲವ್ ತಮ್ಮ ಬದುಕಿನುದ್ದಕ್ಕೂ ತಾಳ ಎಣಿಸುವ ಮೆಟ್ರೊನೋಮ್ ಯಂತ್ರದಂತೆ ಕರಾರುವಾಕ್ಕಾಗಿ ನುಡಿಸಲು ಶ್ರಮಪಟ್ಟವರು. ಹೀಗೂ ನುಡಿಸಬಹುದೇ, ಇದಕ್ಕೆ ಅಪ್ಪಣೆ ಇದೆಯೇ ಎಂದು ಅವರು ಬೆರಗಾದರು. ಬೀಟ್ ಕಟ್ಟಿದವನು ಡೆಟ್ರಾಯ್ಟ್‌ನ ಹುಡುಗನೆಂದು ಆಮೇಲೆ ಗೊತ್ತಾಯಿತು.

ಆ ಹುಡುಗ ಫಾರ್ಸೈಡ್‌ವರೆಗೆ ತಲುಪಿದ್ದಕ್ಕೂ ಫಿಡ್ಲರ್ ಅವರೇ ಕಾರಣ. 1994ರಲ್ಲಿ ಲೊಲ್ಲಪಲೂಜಾ ಸಂಗೀತ ಯಾತ್ರೆಯಲ್ಲಿ ಫಿಡ್ಲರ್ ಅವರೂ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಎಂಬ ರ‍್ಯಾಪ್ ತಂಡದ ಕ್ಯೂ-ಟಿಪ್ ಅವರೂ ಇದ್ದರು. ಫಿಡ್ಲರ್ ತಮ್ಮ ಹುಡುಗನನ್ನು ಕ್ಯೂ-ಟಿಪ್‌ಗೆ ಪರಿಚಯಿಸಿದರು, ಹುಡುಗ ಒಂದು ಕ್ಯಾಸೆಟ್ ಕೈಗಿಟ್ಟ. ಆ ಕ್ಯಾಸೆಟ್ ಬಾಗಿಲುಗಳನ್ನು ತೆರೆಯಿತು. 1995ರಲ್ಲಿ ಫಾರ್ಸೈಡ್‌ನ ‘ರನ್ನಿನ್’, 1996ರಲ್ಲಿ ಡಿ ಲಾ ಸೋಲ್ ತಂಡದ ‘ಸ್ಟೇಕ್ಸ್ ಇಸ್ ಹೈ’ ಹಾಡು. ಅದೇ ವರ್ಷ ಟ್ರೈಬ್‌ನ ಆಲ್ಬಮ್ಮು. ಇಪ್ಪತ್ತೆರಡು ತುಂಬುವಷ್ಟರಲ್ಲಿ ಅವನು ತಾನು ಆರಾಧಿಸುತ್ತಿದ್ದವರಿಗೇ ಬೀಟ್ ಕಟ್ಟಿಕೊಡುತ್ತಿದ್ದ.

‘ರನ್ನಿನ್’ ಹಾಡನ್ನು ಬಿಡಿಸಿ ನೋಡಿದರೆ ಅವನ ಇನ್ನೊಂದು ಕೈಚಳಕ ಗೊತ್ತಾಗುತ್ತದೆ. ಅದರ ಜೀವ ಸ್ಟಾನ್ ಗೆಟ್ಜ್ ಮತ್ತು ಲೂಯಿಸ್ ಬೊನ್ಫಾ ಅವರ, ಬೊಸ್ಸಾ ನೋವಾ ಎಂಬ ಬ್ರೆಜಿಲ್ ಶೈಲಿಯ ತಟ್ಟೆಯಿಂದ ಬಂದ ಗಿಟಾರು. ಹೀಗೆ ಹಳೆಯ ಧ್ವನಿಮುದ್ರಣದ ತುಣುಕನ್ನು ಎತ್ತಿ ಹೊಸದರಲ್ಲಿ ಬಳಸುವುದಕ್ಕೆ ‘ಸ್ಯಾಂಪಲ್’ ಮಾಡುವುದು ಎನ್ನುತ್ತಾರೆ. ಇದು ಕಳ್ಳತನವೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಕಾನೂನಿನ ಮಟ್ಟಿಗೆ ಉತ್ತರ ಸರಳ: 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ತೀರ್ಪು ಕೊಟ್ಟ ಮೇಲೆ, ಮೂಲದ ಒಡೆಯರ ಅನುಮತಿ ಪಡೆದು ಹಣ ಕೊಡುವುದು ಉದ್ಯಮದ ನಿಯಮವೇ ಆಯಿತು. ಕಲೆಯ ಮಟ್ಟಿಗೆ ಉತ್ತರ, ಎತ್ತಿಕೊಂಡವನು ಅದನ್ನು ಏನು ಮಾಡಿದ ಎಂಬುದರಲ್ಲಿದೆ. ಹಾಡಿನ ಎಲ್ಲರೂ ಗುನುಗುವ ಸಾಲನ್ನು ಎತ್ತಿ ಹಾಗೆಯೇ ತಿರುಗಿಸುವವರೂ ಇದ್ದರು. ಡಿಲ್ಲಾ ಮಾತ್ರ ಯಾರೂ ಗಮನಿಸದ ಮೂಲೆಗಳಿಗೆ ಹೋಗುತ್ತಿದ್ದ. ಎರಡು ಸಾಲುಗಳ ನಡುವಿನ ಉಸಿರು, ಕೊನೆಯಲ್ಲಿ ಕರಗಿಹೋಗುವ ತಂತಿ ಅವನಿಗೆ ಸಾಕಿತ್ತು. ಮೇಲಿನ ಸ್ವರಗಳನ್ನೆಲ್ಲ ಸೋಸಿ ತೆಗೆದು ತಳದ ಬೇಸ್ ಒಂದನ್ನೇ ಉಳಿಸಿಕೊಳ್ಳುವುದೂ ಅವನ ಮೆಚ್ಚಿನ ದಾರಿ. ಗಾಯಕಿ ಎರಿಕಾ ಬಾಡು ಅವರ ‘ಡಿಡಂಟ್ ಚಾ ನೋ’ ಹುಟ್ಟಿದ್ದು ಟಾರಿಕಾ ಬ್ಲೂ ಎಂಬ ಹೆಚ್ಚು ಜನ ಕೇಳಿರದ ಜಾಝ್ ತಂಡದ ತಟ್ಟೆಯಿಂದ. ರ‍್ಯಾಪರ್ ಕಾಮನ್ ಅವರ ‘ದಿ ಲೈಟ್’ ಹುಟ್ಟಿದ್ದು ಬಾಬಿ ಕಾಲ್ಡ್‌ವೆಲ್ 1980ರಲ್ಲಿ ಹಾಡಿದ ಪ್ರೇಮಗೀತೆಯಿಂದ. ಎರಡೂ ಬಂದದ್ದು 2000ದಲ್ಲಿ. ‘ದಿ ಲೈಟ್’ ಗ್ರ್ಯಾಮಿಗೆ ನಾಮನಿರ್ದೇಶನವನ್ನೂ ಪಡೆಯಿತು.

ಆ ವರ್ಷಗಳಲ್ಲಿ ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ ನಡೆದದ್ದು ನನಗೆ ಈ ಇಡೀ ಕಥೆಯ ಅತ್ಯಂತ ಸೋಜಿಗದ ಭಾಗ. ಕ್ವೆಸ್ಟ್‌ಲವ್, ಗಾಯಕ ಡಿ’ಆಂಜೆಲೊ, ಕೀಬೋರ್ಡಿನ ಜೇಮ್ಸ್ ಪಾಯ್ಸರ್, ಡಿಲ್ಲಾ ಒಟ್ಟಾಗಿ ಸೇರಿದರು. ಪಾಶ್ಚಾತ್ಯ ಲೆಕ್ಕದಲ್ಲಿ ನಾಲ್ವರೂ ಕುಂಭ ರಾಶಿಯವರಾದ್ದರಿಂದ (ಇಂಗ್ಲಿಷಿನಲ್ಲಿ ‘ಅಕ್ವೇರಿಯಸ್’) ತಮ್ಮ ಕೂಟಕ್ಕೆ ‘ಸೋಲ್‌ಕ್ವೇರಿಯನ್ಸ್’ ಎಂದು ಹೆಸರಿಟ್ಟುಕೊಂಡರು. ಡಿ’ಆಂಜೆಲೊ ಅವರ ‘ವೂಡೂ’ ಆಲ್ಬಮ್ಮಿನಲ್ಲಿ ಕ್ವೆಸ್ಟ್‌ಲವ್ ತಮ್ಮ ಕರಾರುವಾಕ್ಕನ್ನು ಪಕ್ಕಕ್ಕಿಟ್ಟು, ಡಿಲ್ಲಾನ ಯಂತ್ರದಿಂದ ಹೊರಡುವ ಆ ತೂರಾಟವನ್ನು ನಿಜವಾದ ಡ್ರಮ್ಮಿನ ಮೇಲೆ, ನಿಜವಾದ ಕೈಕಾಲುಗಳಿಂದ ನುಡಿಸಲು ಹೊರಟರು. ಬೇಸ್ ನುಡಿಸಿದ ಪೀನೊ ಪಲ್ಲಾಡಿನೊ ಪೆಟ್ಟಿನ ಹಿಂದೆ ಹಿಂದೆಯೇ ಉಳಿದರು. ಯಂತ್ರ ಮನುಷ್ಯನನ್ನು ಅನುಕರಿಸುವುದು ನಮಗೆಲ್ಲ ಗೊತ್ತು. ಇಲ್ಲಿ ಒಬ್ಬ ಮನುಷ್ಯ ಯಂತ್ರಕ್ಕೆ ಮನುಷ್ಯತ್ವವನ್ನು ಕಲಿಸಿದ, ಬೇರೆ ಮನುಷ್ಯರು ಅದನ್ನು ಯಂತ್ರದಿಂದ ಮರಳಿ ಕಲಿತರು. ಇಂದು ರಾಬರ್ಟ್ ಗ್ಲಾಸ್ಪರ್ ಅವರಂತಹ ಜಾಝ್ ಪಿಯಾನೋ ವಾದಕರ ತಂಡದಲ್ಲಿ, ಕ್ರಿಸ್ ಡೇವ್, ಕರೀಮ್ ರಿಗಿನ್ಸ್ ಅವರಂತಹ ಡ್ರಮ್ಮರುಗಳ ಕೈಯಲ್ಲಿ ಆ ಲಯ ಸಹಜವಾಗಿ ಹರಿಯುತ್ತದೆ.

ಇಷ್ಟಾದರೂ ಅವನ ಹೆಸರು ಏಕೆ ಮರೆಯಲ್ಲಿತ್ತು? ಒಂದು ಕಾರಣ, ಟ್ರೈಬ್‌ನ ಆಲ್ಬಮ್ಮುಗಳಲ್ಲಿ ಅವನ ಕೆಲಸ ‘ದಿ ಉಮ್ಮಾ’ ಎಂಬ ಸಾಮೂಹಿಕ ಹೆಸರಿನಲ್ಲಿ ಬಂದದ್ದು. ಕ್ಯೂ-ಟಿಪ್, ಅಲಿ ಶಹೀದ್ ಮುಹಮ್ಮದ್ ಮತ್ತು ಡಿಲ್ಲಾ ಸೇರಿದ ಕೂಟ ಅದು. ಯಾವ ಬೀಟ್ ಯಾರದೆಂದು ಕೇಳುಗನಿಗೆ ತಿಳಿಯುತ್ತಿರಲಿಲ್ಲ. ಟ್ರೈಬ್‌ನ ಧಾಟಿ ಬದಲಾಯಿತೆಂದು ಮುನಿಸಿಕೊಂಡ ಅಭಿಮಾನಿಗಳು ಮಾತ್ರ ಹೊಸ ಹುಡುಗನ ಮೇಲೆ ದೂರು ಹಾಕಲು ಮರೆಯಲಿಲ್ಲ. 1997ರಲ್ಲಿ ಜಾನೆಟ್ ಜ್ಯಾಕ್ಸನ್ ಅವರ ‘ಗಾಟ್ ಟಿಲ್ ಇಟ್ಸ್ ಗಾನ್’ ಬಂದಾಗ ಇನ್ನೂ ದೊಡ್ಡ ಪ್ರಶ್ನೆ ಎದ್ದಿತು. ಹಾಡಿನ ಡ್ರಮ್ ಕೇಳಿದವರು ಇದು ಅವನದೇ ಎಂದರು. ಅವನೂ ಹಾಗೆಯೇ ಹೇಳಿಕೊಂಡ. ಅಧಿಕೃತವಾಗಿ ಹೆಸರು ಇದ್ದದ್ದು ಜಿಮ್ಮಿ ಜ್ಯಾಮ್ ಮತ್ತು ಟೆರ‍್ರಿ ಲೂಯಿಸ್ ಎಂಬ ಪ್ರೊಡ್ಯೂಸರ್ ಜೋಡಿಯದು. ಆ ಹಾಡಿನ ಮರುರೂಪವೊಂದನ್ನು ಆಮೇಲೆ ಅವನೇ ಮಾಡಿಕೊಟ್ಟ. ಅದರ ಹೆಸರಿನಲ್ಲಿ ‘ಜೇ ಡೀ’ ಜೊತೆಗೆ ‘ಸೇಡು’ ಎಂಬ ಅರ್ಥದ ಪದವೂ ಇದೆ. ಸದ್ದಿಲ್ಲದೆ ಕೆಲಸ ಮಾಡುವವನ ನೋವು ಆ ಒಂದು ಪದದಲ್ಲಿ ಹೊರಬಿದ್ದಿದೆ. ಇನ್ನೊಂದು ಕಾರಣ ಅವನ ಸ್ವಭಾವ. ಮಾತು ಕಡಿಮೆ, ಸಂದರ್ಶನಗಳು ಇನ್ನೂ ಕಡಿಮೆ. ನೆಲಮಾಳಿಗೆಯಲ್ಲಿ ತಟ್ಟೆಗಳನ್ನು ಒಪ್ಪವಾಗಿ ಜೋಡಿಸಿಟ್ಟುಕೊಂಡು, ಬೀಟ್ ಕಟ್ಟಿ ಕಟ್ಟಿ ಕ್ಯಾಸೆಟ್ಟುಗಳಲ್ಲಿ ತುಂಬುವುದೇ ಅವನ ದಿನಚರಿ. ಆ ಕ್ಯಾಸೆಟ್ಟುಗಳು ರ‍್ಯಾಪರುಗಳ ಕೈಯಿಂದ ಕೈಗೆ ದಾಟುತ್ತಿದ್ದವು.

ಅವನು ರ‍್ಯಾಪರ್ ಕೂಡ ಹೌದು. ಸ್ಲಮ್ ವಿಲೇಜ್‌ನ ಮೊದಲ ಆಲ್ಬಮ್ಮು ಅಧಿಕೃತವಾಗಿ ಬರುವ ಮೊದಲೇ ನಕಲು ಪ್ರತಿಗಳಲ್ಲಿ ದೇಶವೆಲ್ಲ ಸುತ್ತಿತ್ತು. ಎರಡನೆಯದು 2000ದಲ್ಲಿ ಬಂತು. ಅವನ ಸಾಹಿತ್ಯದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು: ಕಾರು, ಒಡವೆ, ಹೆಣ್ಣು ಎಂಬ ವರ್ತುಲದಾಚೆ ಅದು ಹೆಚ್ಚು ಹೋಗುವುದಿಲ್ಲ. ಆದರೆ ಅವನು ಪದಗಳನ್ನು ಎಲ್ಲಿ ಇಡುತ್ತಾನೆ ಎಂದು ಕೇಳಿ. ನಾಲಿಗೆಯೂ ಅವನಿಗೆ ಒಂದು ಡ್ರಮ್ಮು. ಅರ್ಥವನ್ನು ಬಿಟ್ಟು ಪೆಟ್ಟನ್ನು ಹಿಡಿದರೆ ಆ ರ‍್ಯಾಪ್‌ನ ರುಚಿ ಸಿಗುತ್ತದೆ. 2001ರಲ್ಲಿ ತನ್ನದೇ ಹೆಸರಿನಲ್ಲಿ ‘ವೆಲ್‌ಕಮ್ ಟು ಡೆಟ್ರಾಯ್ಟ್’ ತಂದ. ಜೆರ್ಮೇನ್ ಡುಪ್ರಿ ಎಂಬ ಇನ್ನೊಬ್ಬ ‘ಜೆಡಿ’ ಇದ್ದುದರಿಂದ ಗೊಂದಲ ಬೇಡವೆಂದು ‘ಜೆ ಡಿಲ್ಲಾ’ ಆದದ್ದೂ ಆ ಹೊತ್ತಿನಲ್ಲೇ. ಎಂಸಿಎ ಎಂಬ ದೊಡ್ಡ ಕಂಪನಿಗಾಗಿ ರ‍್ಯಾಪ್ ಆಲ್ಬಮ್ಮೊಂದನ್ನು ಮಾಡಿಕೊಟ್ಟ. ಅದು ಕಪಾಟಿನಲ್ಲೇ ಉಳಿದು, ‘ದಿ ಡೈರಿ’ ಎಂಬ ಹೆಸರಿನಲ್ಲಿ 2016ರಲ್ಲಿ, ಅವನು ಹೋಗಿ ಹತ್ತು ವರ್ಷವಾದ ಮೇಲೆ ಹೊರಬಂತು. ಆ ನಿರಾಸೆಯ ಬೆನ್ನಿಗೆ 2003ರಲ್ಲಿ ಸ್ವತಂತ್ರವಾಗಿ ಮಾಡಿದ ‘ರಫ್ ಡ್ರಾಫ್ಟ್’ನ ಒರಟು, ಗರಗರ ಸದ್ದು ನನಗೆ ಇಷ್ಟ. ಅದೇ ವರ್ಷ ಕ್ಯಾಲಿಫೋರ್ನಿಯಾದ ಮ್ಯಾಡ್‌ಲಿಬ್ ಜೊತೆ ‘ಜೇಲಿಬ್’ ಎಂಬ ಹೆಸರಿನಲ್ಲಿ ಒಂದು ಆಲ್ಬಮ್ಮು ಮಾಡಿದ. ಒಬ್ಬನ ಬೀಟ್‌ಗೆ ಇನ್ನೊಬ್ಬ ರ‍್ಯಾಪ್ ಮಾಡಿದ ಜುಗಲಬಂದಿ ಅದು.

ಕಾಯಿಲೆ ಕಾಣಿಸಿಕೊಂಡದ್ದು 2002ರಲ್ಲಿ, ಯುರೋಪಿನಿಂದ ಮರಳಿದ ಮೇಲೆ. ವೈದ್ಯರು ಕೊಟ್ಟ ಹೆಸರು ಟಿಟಿಪಿ. ರಕ್ತದ ಸಣ್ಣ ಸಣ್ಣ ನಾಳಗಳಲ್ಲಿ ಎಲ್ಲೆಂದರಲ್ಲಿ ಹೆಪ್ಪುಗಳು ಕಟ್ಟುವ ಅಪರೂಪದ ರೋಗ. ಗಾಯವಾದಾಗ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್‌ಗಳೆಲ್ಲ ಈ ಹೆಪ್ಪುಗಳಲ್ಲೇ ಖರ್ಚಾಗುತ್ತವೆ. ಹೆಪ್ಪು ಕಟ್ಟಿದ ಅಂಗಗಳಿಗೆ, ಮುಖ್ಯವಾಗಿ ಮೂತ್ರಪಿಂಡಕ್ಕೆ, ರಕ್ತ ತಲುಪುವುದಿಲ್ಲ. ಜೊತೆಗೆ ಲೂಪಸ್ ಕೂಡ ಸೇರಿತು. ಅದು ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ರೋಗ. ಡಯಾಲಿಸಿಸ್ ಶುರುವಾಯಿತು. 2004ರಲ್ಲಿ ಅವನು ಲಾಸ್ ಏಂಜಲೀಸ್‌ಗೆ ಹೋಗಿ ರ‍್ಯಾಪರ್ ಕಾಮನ್ ಜೊತೆ ಒಂದೇ ಮನೆಯಲ್ಲಿ ಇದ್ದ. ಮಗನ ಆರೈಕೆಗೆಂದು ತಾಯಿಯೂ ಡೆಟ್ರಾಯ್ಟ್ ಬಿಟ್ಟು ಬಂದರು. ಕೈಗಳು ಊದಿಕೊಂಡು ಬೆರಳು ಬಗ್ಗದಾದಾಗ ಅವರು ತಿಕ್ಕಿ ತಿಕ್ಕಿ ಸಡಿಲಿಸುತ್ತಿದ್ದರು, ಮಗ ಮತ್ತೆ ಗುಂಡಿಗಳ ಮುಂದೆ ಕೂರುತ್ತಿದ್ದ. 2005ರ ಕೊನೆಯಲ್ಲಿ ಗಾಲಿಕುರ್ಚಿಯಲ್ಲೇ ಯುರೋಪಿನಲ್ಲಿ ಕಾರ್ಯಕ್ರಮ ಕೊಟ್ಟು ಬಂದ.

2006ರ ಫೆಬ್ರುವರಿ 7ರಂದು, ಅವನ ಹುಟ್ಟುಹಬ್ಬದಂದೇ, ಸ್ಟೋನ್ಸ್ ಥ್ರೋ ಕಂಪನಿಯಿಂದ ‘ಡೋನಟ್ಸ್’ ಬಂತು. ರ‍್ಯಾಪ್ ಇಲ್ಲದ 31 ತುಣುಕುಗಳು; ಹೆಚ್ಚಿನವು ಎರಡು ನಿಮಿಷವನ್ನೂ ಮುಟ್ಟುವುದಿಲ್ಲ. ಇಡೀ ಆಲ್ಬಮ್ಮು ಆಸ್ಪತ್ರೆಯ ಹಾಸಿಗೆಯ ಮೇಲೆ ಹುಟ್ಟಿತು ಎಂಬ ಕಥೆ ಜಗತ್ತೆಲ್ಲ ಹಬ್ಬಿದೆ. ಅಷ್ಟು ಸರಳವಲ್ಲ ಅದು. ಮೂಲ ಬೀಟ್‌ಗಳ ಬಹುಭಾಗ ಮನೆಯಲ್ಲೇ ಸಿದ್ಧವಾಗಿ ಒಂದು ಸಿಡಿಯ ರೂಪದಲ್ಲಿತ್ತು. ಕಂಪನಿಯ ಜೆಫ್ ಜ್ಯಾಂಕ್ ಅವರ ಸಂಪಾದನೆಯ ಕೈಯೂ ಅದನ್ನು ಆಲ್ಬಮ್ಮಿನ ಉದ್ದಕ್ಕೆ ತರುವಲ್ಲಿ ಇದೆ. ಇದನ್ನು ಹೇಳಿದರೆ ಕೆಲವು ಅಭಿಮಾನಿಗಳಿಗೆ ಬೇಸರವಾಗುತ್ತದೆ. ನನಗೆ ಆಗುವುದಿಲ್ಲ. ಸಾವು ಹತ್ತಿರವಿದ್ದುದರಿಂದ ಆ ಸಂಗೀತ ದೊಡ್ಡದಾಗಲಿಲ್ಲ. ಇಪ್ಪತ್ತು ವರ್ಷ ಕಿವಿಯನ್ನು ಸಾಣೆ ಹಿಡಿದಿದ್ದರಿಂದ ಆಯಿತು.

ಅದರಲ್ಲಿ ‘ಡೋಂಟ್ ಕ್ರೈ’ ಎಂಬ ತುಣುಕನ್ನು ಹೊಸಬರು ಮೊದಲು ಕೇಳಬೇಕು. ದಿ ಎಸ್ಕಾರ್ಟ್ಸ್ ಎಂಬ ಹಳೆಯ ಸೋಲ್ ತಂಡದ ಹಾಡು ಅದರ ಮೂಲ: ನೀನು ಅಳುವುದನ್ನು ನೋಡಲಾರೆ ಎಂಬ ಭಾವದ್ದು. ಡಿಲ್ಲಾ ಮೊದಲು ಆ ಹಾಡನ್ನು ಹೆಚ್ಚು ಮುಟ್ಟದೆ ಹರಿಯಲು ಬಿಡುತ್ತಾನೆ, ಕೇಳುಗನಿಗೆ ಮೂಲದ ಪರಿಚಯ ಮಾಡಿಸುವಂತೆ. ಆಮೇಲೆ ಅದೇ ಹಾಡನ್ನು ಚೂರು ಚೂರು ಮಾಡಿ, ಒಂದೊಂದು ಚೂರನ್ನೂ ಬೇರೆ ಜಾಗದಲ್ಲಿ ಕೂರಿಸಿ, ಕಣ್ಣೆದುರೇ ಹೊಸ ಹಾಡು ನೇಯುತ್ತಾನೆ. ಸ್ಯಾಂಪಲ್ ಕಲೆಯನ್ನು ವಿವರಿಸಲು ನೂರು ಪುಟ ಬರೆದರೂ ಈ ಎರಡು ನಿಮಿಷದಷ್ಟು ಸ್ಪಷ್ಟವಾಗದು. ಇನ್ನು ಆಲ್ಬಮ್ಮಿನ ಮೊದಲ ತುಣುಕಿನ ಹೆಸರಿನಲ್ಲೇ ‘ಮುಕ್ತಾಯ’ ಎಂಬ ಅರ್ಥದ ಪದವಿದೆ, ಕೊನೆಯದರ ಹೆಸರು ‘ಪ್ರದರ್ಶನಕ್ಕೆ ಸ್ವಾಗತ’ ಎಂಬರ್ಥದ್ದು. ಕೊನೆ ಮೊದಲಿಗೆ ಬಂದು ಸೇರುತ್ತದೆ, ಅವನು ಇಷ್ಟಪಟ್ಟು ತಿನ್ನುತ್ತಿದ್ದ ಡೋನಟ್ ತಿಂಡಿಯ ಹಾಗೆ ದುಂಡಗೆ.

ಮೂರು ದಿನದ ಮೇಲೆ ಅವನು ಇರಲಿಲ್ಲ. ಅರ್ಧಕ್ಕೆ ನಿಂತಿದ್ದ ‘ದಿ ಶೈನಿಂಗ್’ ಆಲ್ಬಮ್ಮನ್ನು ಗೆಳೆಯ ಕರೀಮ್ ರಿಗಿನ್ಸ್ ಮುಗಿಸಿದರು, ಅದು ಅದೇ ವರ್ಷದ ಆಗಸ್ಟ್‌ನಲ್ಲಿ ಬಂತು. ಮುಂದಿನ ವರ್ಷಗಳು ಕುಟುಂಬಕ್ಕೆ ಸುಲಭವಾಗಿರಲಿಲ್ಲ: ತೆರಿಗೆಯ ಸಾಲ, ಅವನ ಸಂಗೀತದ ಹಕ್ಕುಗಳನ್ನು ಯಾರು ನೋಡಿಕೊಳ್ಳಬೇಕೆಂಬ ವ್ಯಾಜ್ಯ. ಅದೇ ಹೊತ್ತಿಗೆ ಅವನ ಹೆಸರು ಬೆಳೆಯುತ್ತಲೇ ಹೋಯಿತು. 2009ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಿಗೆಲ್ ಆಟ್‌ವುಡ್-ಫರ್ಗ್ಯುಸನ್ ಅವನ ಬೀಟ್‌ಗಳನ್ನು ಪೂರ್ಣ ವಾದ್ಯವೃಂದಕ್ಕೆ ಅಳವಡಿಸಿ, ಅದನ್ನು ತಾಯಿಯ ಹೆಸರಿಗೆ ಅರ್ಪಿಸಿದರು. ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ಅವನ ಹೆಸರಿನ ಓಣಿಯೊಂದಿದೆ.

ಅವನ ಎಂಪಿಸಿ3000 ಯಂತ್ರವನ್ನು ಮಾ ಡ್ಯೂಕ್ಸ್ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಗೆ ಕೊಟ್ಟರು. ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 2016ರಲ್ಲಿ ತೆರೆದಾಗ ಅದು ಸಂಗೀತದ ವಿಭಾಗದಲ್ಲಿ ಗಾಜಿನ ಹಿಂದೆ ಬಂದು ಕೂತಿತು. ಅದೇ ವಿಭಾಗದಲ್ಲಿ ಪಾರ್ಲಿಮೆಂಟ್-ಫಂಕಡೆಲಿಕ್ ತಂಡದ ‘ಮದರ್‌ಶಿಪ್’ ಕೂಡ ಇದೆ. ಜಾರ್ಜ್ ಕ್ಲಿಂಟನ್ ವೇದಿಕೆಯ ಮೇಲೆ ಇಳಿಸುತ್ತಿದ್ದ ಆ ಬೃಹತ್ ಅಂತರಿಕ್ಷ ನೌಕೆ. ಡೆಟ್ರಾಯ್ಟ್‌ನ ಹುಡುಗನೊಬ್ಬನನ್ನು ತಮ್ಮ ಯಂತ್ರದ ಮುಂದೆ ಕೂರಿಸಿ, ನೀನೇ ಬಡಿದು ನೋಡು ಎಂದು ಬಿಟ್ಟ ಆಂಪ್ ಫಿಡ್ಲರ್ ನುಡಿಸುತ್ತಿದ್ದುದು ಆ ತಂಡದಲ್ಲೇ.